ಒಂದು ಮರಿ, ಒಂದು ವಹಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ಭಾನುವಾರ ನಮ್ಮೂರ ಯುವಕ ಸಂಘದ ಸಭೆಯಲ್ಲಿ ಒಂದು ಸಣ್ಣ ವಾದ ಎದ್ದಿತು. ನಡಾವಳಿ ಬರೆಯುತ್ತಿದ್ದ ಹುಡುಗಿ ‘ಆಡು’ ಎಂದು ಬರೆದಳು. ಪಕ್ಕದಲ್ಲಿದ್ದ ಹುಡುಗ ‘ಶೇಳಿ ಅಂತ ಬರಿ’ ಎಂದ. ಅವನ ಮನೆಮಾತು ಮರಾಠಿ. ‘ಬಕ್ರಿ ಅಂದ್ರ ಎಲ್ಲರಿಗೂ ತಿಳೀತದ’ ಎಂದಳು ಇನ್ನೊಬ್ಬಳು. ತೆಲುಗು ಮನೆಯ ಪುಟ್ಟ ಹುಡುಗ ಮೆಲ್ಲಗೆ ‘ಮೇಕ’ ಎಂದ. ಕಡೆಗೆ ನಾಲ್ಕೂ ಹೆಸರು ವಹಿಯ ಮೊದಲ ಪುಟ ಸೇರಿದವು.

ನಮ್ಮದು ಬೀದರ್ ಜಿಲ್ಲೆಯ ಭಾಲ್ಕಿ ತಾಲೂಕಿನ ಒಂದು ಹಳ್ಳಿ. ಇಲ್ಲಿ ಒಂದು ಪ್ರಾಣಿಗೆ ನಾಲ್ಕು ಹೆಸರಿರುವುದು ಹೊಸದಲ್ಲ. ಆದರೆ ನಾಲ್ಕು ಥರದ ಮನೆಗಳ ಮಕ್ಕಳು ಒಂದೇ ಜಮಖಾನದ ಮೇಲೆ ಕೂತು, ಒಂದೇ ವಹಿಯಲ್ಲಿ ಬರೆಯುತ್ತಾರಲ್ಲ, ಅದನ್ನು ನೋಡಲಿಕ್ಕೇ ನಾನು ಭಾನುವಾರ ಬರಲಿ ಅಂತ ಕಾಯುತ್ತೇನೆ.

ನಾನು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ನಮ್ಮ ಸಂಘ ಹಳೆಯದು. ಗಣಪತಿ ಕೂಡಿಸುತ್ತಿದ್ದರು. ಜನವರಿ 12ಕ್ಕೆ ವಿವೇಕಾನಂದರ ಜಯಂತಿ, ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ, ಬೇಸಿಗೆಯಲ್ಲಿ ಕ್ರಿಕೆಟ್. ಇವೆಲ್ಲ ಈಗಲೂ ನಡೆಯುತ್ತವೆ, ನಡೆಯಲೂಬೇಕು. ಆದರೆ ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಬರುವವರೆಗೆ ಸಂಘದ ಕೋಣೆಗೆ ಬೀಗ ಬೀಳುತ್ತಿತ್ತು. ಕಾರ್ಯಕ್ರಮದ ದಿನವೂ ನಾಲ್ಕು ಜನ ಓಡಾಡುವುದು, ಉಳಿದವರು ಕುರ್ಚಿ ಮೇಲೆ ಕೂತು ನೋಡುವುದು. ಹುಡುಗಿಯರಂತೂ ಬರುತ್ತಲೇ ಇರಲಿಲ್ಲ.

ಪ್ರತಿ ಮಗುವಿನ ಕೈಗೂ ದಿನಾ ಮಾಡುವ ಒಂದು ಕೆಲಸ ಕೊಡಬೇಕು ಅನ್ನಿಸಿತು. ಒಂದು ದಿನ ಬಿಟ್ಟರೂ ಗೊತ್ತಾಗುವಂಥ ಕೆಲಸ. ನಮ್ಮ ಕಡೆ ಆಡನ್ನು ಪಾಲಿಗೆ ಕೊಡುವ ಪದ್ಧತಿ ಮೊದಲಿನಿಂದ ಇದೆ. ಆಡು ಒಬ್ಬರದು, ಸಾಕುವವರು ಇನ್ನೊಬ್ಬರು, ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಪಾಲು. ಅದನ್ನೇ ಸಂಘಕ್ಕೆ ತಂದೆವು. ಹಾಲು ಬಿಟ್ಟ ಹೆಣ್ಣು ಮರಿಯೊಂದನ್ನು ಸಂಘ ಒಂದು ಮಗುವಿಗೆ ಕೊಡುತ್ತದೆ. ಅದು ಬೆಳೆದು ಈದ ಮೇಲೆ, ಒಂದು ಹೆಣ್ಣು ಮರಿಯನ್ನು ಮಗು ಸಂಘಕ್ಕೆ ವಾಪಸ್ ಕೊಡಬೇಕು. ಆ ಮರಿ ಇನ್ನೊಂದು ಮನೆಗೆ ಹೋಗುತ್ತದೆ. ಆಡಿನ ಗಬ್ಬದ ಕಾಲವೇ 5 ತಿಂಗಳು. ಅಂದರೆ ಮರಿ ಬೆಳೆಯುವ ಕಾಲವೂ ಸೇರಿ ಒಂದು ಮರಿ ವಾಪಸ್ ಬರಲು ಸುಮಾರು ಒಂದೂವರೆ ವರ್ಷ ಬೇಕು. ಮಕ್ಕಳಿಗೆ ಅದು ಬಹಳ ದೊಡ್ಡ ಕಾಲ. ಆ ಕಾಯುವಿಕೆ ಅವರಿಗೆ ಬೇಕು ಅಂತಲೇ ನಾನು ಇದನ್ನು ಆರಿಸಿದ್ದು.

ಮರಿಯ ಜೊತೆ ಒಂದು ವಹಿ. ವಾರಕ್ಕೊಮ್ಮೆ ತೂಕ. ಏನು ತಿಂದಿತು, ಔಷಧಿ ಯಾವುದು, ಎಷ್ಟು ಖರ್ಚಾಯಿತು, ಎಲ್ಲಾ ಬರೆಯಬೇಕು. ಬೇವಿನ ಕೊಂಬೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿದ್ದೇವೆ. ಗೋಣಿಚೀಲದ ಜೋಳಿಗೆಯಲ್ಲಿ ಮರಿಯನ್ನು ಕೂಡಿಸಿ ತೂಗುತ್ತೇವೆ. ಮೊದಲು ಸಭೆ ಸಂಜೆ ಇತ್ತು. ಹುಡುಗಿಯರು ಯಾಕೆ ಬರುವುದಿಲ್ಲ ಎಂದು ಒಬ್ಬ ತಾಯಿಯನ್ನು ಕೇಳಿದೆ. ‘ಸಂಜಿಕಿ ಹೊತ್ತು ಮುಳುಗಿ ಹೋಗ್ತದ್ರಿ ಸರ, ಮುಂಜಾನಿ ಇಡ್ರಿ, ಕಳಸ್ತೀನಿ’ ಅಂದರು. ಅಷ್ಟೇ ವಿಷಯ. ಮುಂಜಾನೆ 8 ಗಂಟೆಗೆ ಬದಲಾಯಿಸಿದೆವು. ಈಗ ಅರ್ಧಕ್ಕಿಂತ ಜಾಸ್ತಿ ಹುಡುಗಿಯರೇ. ಇಷ್ಟು ವರ್ಷ ಯಾರೂ ಅವರನ್ನು ಒಂದು ಮಾತು ಕೇಳಿರಲಿಲ್ಲ.

ಮೊದಲ ವರ್ಷದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು.

ಆಡುಗಳಿಗೆ ಇ.ಟಿ. ಎಂಬ ರೋಗ ಬರುತ್ತದೆ. ಕರುಳು ನಂಜು ಅಂತಲೂ ಹೇಳುತ್ತಾರೆ. ಇದರ ರೋಗಾಣು ಆರೋಗ್ಯವಾಗಿರುವ ಆಡಿನ ಕರುಳಲ್ಲೂ ಸುಮ್ಮನೆ ಇದ್ದೇ ಇರುತ್ತದೆ. ಬೇಸಿಗೆಯೆಲ್ಲಾ ಒಣ ಹೊಟ್ಟು ತಿಂದ ಮರಿ, ಮೊದಲ ಮಳೆಗೆ ಚಿಗುರಿದ ಹಸಿ ಹುಲ್ಲನ್ನು ಒಮ್ಮೆಲೇ ಹೊಟ್ಟೆ ತುಂಬಾ ತಿಂದಾಗ ಆ ರೋಗಾಣು ಒಂದೇ ಸಮನೆ ಹೆಚ್ಚಿ ನಂಜು ಬಿಡುತ್ತದೆ. ಬಡಕಲು ಮರಿಗಿಂತ ಚೆನ್ನಾಗಿ ಮೇದು ದುಂಡಗಿರುವ ಮರಿಯೇ ಇದಕ್ಕೆ ಜಾಸ್ತಿ ಬಲಿ. ರಾತ್ರಿ ಆಡಿಕೊಂಡಿದ್ದದ್ದು ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಔಷಧಿ ಕೊಡಲು ಹೊತ್ತೇ ಸಿಗುವುದಿಲ್ಲ. ಅದಕ್ಕೇ ಮಳೆಗಾಲಕ್ಕೆ ಮೊದಲೇ ಚುಚ್ಚುಮದ್ದು ಹಾಕಿಸಬೇಕು. ಮೊದಲ ಸಲ ಹಾಕಿಸುವ ಮರಿಗೆ ಸುಮಾರು 15 ದಿನ ಬಿಟ್ಟು ಎರಡನೆಯದೂ ಬೇಕು.

ನಾವು ಮೇ ತಿಂಗಳಲ್ಲಿ ಮೊದಲನೆಯದು ಹಾಕಿಸಿದೆವು. ಎರಡನೆಯದಕ್ಕೆ ಡಾಕ್ಟರರನ್ನು ಕರೆಯುವುದು ನನ್ನ ಜವಾಬ್ದಾರಿ. ಮದುವೆಗಳ ಓಡಾಟದಲ್ಲಿ ನಾಳೆ, ನಾಡಿದ್ದು ಎಂದು ನಾನೇ ಮುಂದೂಡಿದೆ. ಮಿರಗದ ಮಳೆ ಬಂತು. ಬದುವಿನ ಮೇಲೆ ಹುಲ್ಲು ಹಸಿರಾಯಿತು. ಆರನೇ ತರಗತಿಯ ಒಬ್ಬ ಹುಡುಗಿಯ ಮರಿ ಸಂಘದಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಬೆಳೆದಿತ್ತು. ಒಂದು ಬೆಳಿಗ್ಗೆ ಅವಳು ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ‘ಸರ, ನನ್ ಮರಿ ಏಳವಲ್ದುರಿ’ ಎಂದಳು. ಹೋಗಿ ನೋಡಿದರೆ ಅದು ಆಗಲೇ ತಣ್ಣಗಾಗಿತ್ತು.

ಆ ಭಾನುವಾರವೂ ಅವಳು ಸಭೆಗೆ ಬಂದಳು. ವಹಿ ತಂದಿದ್ದಳು. ತೂಕದ ಸಾಲಿನಲ್ಲಿ ‘ಮರಿ ಇಲ್ಲ’ ಎಂದು ಬರೆದಿದ್ದಳು. ನಾನು ಅದರ ಕೆಳಗೆ, ‘ಎರಡನೇ ಚುಚ್ಚುಮದ್ದು ಹಾಕಿಸಲಿಲ್ಲ. ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದೆ. ಮಕ್ಕಳೆಲ್ಲಾ ನೋಡುತ್ತಿದ್ದರು. ನನ್ನ ಅಷ್ಟು ವರ್ಷದ ನೌಕರಿಯಲ್ಲಿ ನಾನು ಮಾಡಿದ ಸಹಿಗಳಲ್ಲಿ ಅದೊಂದೇ ನನಗೆ ನೆನಪಿರುವುದು.

ಅಂದಿನಿಂದ ಚುಚ್ಚುಮದ್ದಿನ ತಾರೀಕುಗಳನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ. ಸಂಘದ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿದ್ದಾರೆ. ಮೇ ತಿಂಗಳಿಗೆ ಇ.ಟಿ. ಪಿಪಿಆರ್, ಅಂದರೆ ಆಡಿನ ಪ್ಲೇಗಿನ ಚುಚ್ಚುಮದ್ದು, ಯಾವ ಮರಿಗೆ ಯಾವಾಗ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಜಂತುಹುಳದ ಔಷಧಿ. ಪಶು ಆಂಬುಲೆನ್ಸಿನ ಸಹಾಯವಾಣಿ 1962 ಎಂಬ ನಂಬರ್ ನಮ್ಮೂರಿನಲ್ಲಿ ಚಿಕ್ಕ ಮಕ್ಕಳಿಗೂ ಬಾಯಿಪಾಠ.

ವರ್ಷಕ್ಕೊಮ್ಮೆ ಪ್ರವಾಸ ಹೋಗುತ್ತೇವೆ. ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆಯಲ್ಲ, ರಾಜ್ಯಕ್ಕೆಲ್ಲಾ ಅದೊಂದೇ, ಅದು ನಮ್ಮ ಜಿಲ್ಲೆಯಲ್ಲಿದೆ. ಅಲ್ಲಿ ಕಲಿತ ಒಂದು ಕೆಲಸವನ್ನು ನಮ್ಮ ಮಕ್ಕಳು ಎಂದೂ ಬಿಡುವುದಿಲ್ಲ. ಆಡಿನ ಕೆಳಗಿನ ಕಣ್ಣುರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಗಿನ ಬಣ್ಣ ನೋಡುವುದು. ಕೆಂಪಗಿದ್ದರೆ ಸರಿ. ಬಿಳುಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಹುಳ ಇರಬಹುದು, ಡಾಕ್ಟರರಿಗೆ ಹೇಳಬೇಕು. ಒಬ್ಬ ಹುಡುಗಿ ಮನೆಗೆ ಹೋಗಿ ತನ್ನ ಅಜ್ಜಿಯ ಕಣ್ಣುರೆಪ್ಪೆಯನ್ನೂ ಎಳೆದು ನೋಡಿದಳು. ಬಿಳುಚಿತ್ತು. ಆಶಾ ಕಾರ್ಯಕರ್ತೆಗೆ ಹೇಳಿದಳು. ಪರೀಕ್ಷೆ ಮಾಡಿಸಿದರೆ ಅಜ್ಜಿಗೆ ರಕ್ತ ಕಡಿಮೆ ಇತ್ತು. ಕಬ್ಬಿಣದ ಗುಳಿಗೆ ಶುರುವಾಯಿತು.

ಅದೇ ದಿನ ನೌಬಾದಿನ ಸುರಂಗ ಬಾವಿಯನ್ನೂ ನೋಡಿದೆವು. ಬಹಮನಿ ಸುಲ್ತಾನರ ಕಾಲದ್ದು. ನೆಲದೊಳಗೆ ಸುರಂಗ ಕೊರೆದು, ಇಳಿಜಾರಿನಲ್ಲಿ ನೀರು ತಾನಾಗೇ ಹರಿದು ಬರುವಂತೆ ಮಾಡಿದ್ದಾರೆ. ನಡುನಡುವೆ ಗಾಳಿ ಬೆಳಕಿಗೆ ಬಾವಿಗಳು. ನೀರೆತ್ತಲು ಮೋಟರು ಬೇಡ, ಎತ್ತು ಬೇಡ. ಮಕ್ಕಳು ಬಗ್ಗಿ ಬಗ್ಗಿ ನೋಡಿದರು.

‘ಆಡು ಮುಟ್ಟದ ಸೊಪ್ಪಿಲ್ಲ’ ಅಂತ ಗಾದೆ ಇದೆಯಲ್ವಾ? ಒಂದು ಸಲ ಅದನ್ನೇ ಕೆಲಸ ಮಾಡಿ ಕೊಟ್ಟೆ. ಒಂದು ತಿಂಗಳು ನಿಮ್ಮ ಆಡು ಯಾವ ಸೊಪ್ಪು ತಿನ್ನುತ್ತದೆ, ಯಾವುದು ಬಿಡುತ್ತದೆ, ಬರೆದು ತನ್ನಿ ಅಂದೆ. ಬೇವು, ಬಾರಿ, ಜಾಲಿ, ಸುಬಾಬುಲ್, ತೊಗರಿ ಹೊಟ್ಟು ಎಂದು ಪಟ್ಟಿ ಬೆಳೆಯಿತು. ಬಿಟ್ಟದ್ದರಲ್ಲಿ ಒಂದು ಎಲ್ಲರ ವಹಿಯಲ್ಲೂ ಇತ್ತು: ಆಡುಸೋಗೆ. ಕೆಮ್ಮಿಗೆ ಕಷಾಯ ಮಾಡುತ್ತೇವಲ್ಲ, ಅದೇ ಕಹಿ ಎಲೆ. ಗಾದೆಯೂ ತಪ್ಪಬಹುದು ಎಂದು ಮಕ್ಕಳಿಗೆ ಆದ ಖುಷಿ ಹೇಳತೀರದು. ಸುಮ್ನೆ ನಾನು ಹೇಳಿಕೊಟ್ಟಿದ್ದರೆ ಆ ಖುಷಿ ಬರುತ್ತಿರಲಿಲ್ಲ.

ಸಂಕ್ರಾಂತಿ ಮುಗಿದು ತೊಗರಿ ರಾಶಿ ಆದ ಮೇಲೆ ಮರಿಗಳ ಪ್ರದರ್ಶನ. ಶಾಲೆ ಅಂಗಳ ತುಂಬಿ ಹೋಗುತ್ತದೆ. ತೀರ್ಪು ಕೊಡಲು ಒಬ್ಬ ಪಶುವೈದ್ಯರು, ಒಬ್ಬ ಹಿರಿಯ ಕುರುಬ ಕಾಕಾ ಕೂತಿರುತ್ತಾರೆ. ಕಾಕಾ ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ. ಡಾಕ್ಟರರು ವಹಿ ನೋಡಿ ಸರಿ ಅನ್ನುತ್ತಾರೆ. ಮೊದಲು ದಪ್ಪ ಮರಿಗೆ ಬಹುಮಾನ ಇತ್ತು. ನಾನು ಅದನ್ನು ತೆಗೆಸಿದೆ. ಹೊಲ ಇರುವ ಮನೆಯಲ್ಲಿ ಮರಿ ದಪ್ಪಗೇ ಆಗುತ್ತದೆ, ಅದರಲ್ಲಿ ಮಗುವಿನ ಪಾಲು ಎಷ್ಟು? ಈಗ ನೂರಕ್ಕೆ ಐವತ್ತು ಅಂಕ ವಹಿಗೆ, ಮೂವತ್ತು ಕೇಳಿದ್ದಕ್ಕೆ ಹೇಳುವ ಉತ್ತರಕ್ಕೆ, ಇಪ್ಪತ್ತು ಮಾತ್ರ ಮರಿಗೆ. ಕೆಲವು ತಂದೆಯರು ಸಿಟ್ಟಾದರು. ಆಗಲಿ. ಹೋದ ಸಲ ಗೆದ್ದವನ ತಂದೆ ತಾಯಿ ಕೆಲಸಕ್ಕೆಂದು ಹೈದರಾಬಾದಿಗೆ ಹೋಗಿದ್ದಾರೆ. ಹುಡುಗ ಅಜ್ಜನ ಜೊತೆ ಇದ್ದಾನೆ. ಅವನ ಮರಿ ಸಣ್ಣದು. ವಹಿಯಲ್ಲಿ ಒಂದು ವಾರವೂ ತಪ್ಪಿಲ್ಲ. ಹೆಸರು ಕರೆದಾಗ ಅವನು ಅಲ್ಲಿಂದಲೇ ತಾಯಿಗೆ ಫೋನ್ ಮಾಡಿದ.

ಬರುವ ಭಾನುವಾರ ಹೊಸ ಮರಿಗಳನ್ನು ಹಂಚುತ್ತೇವೆ. ಅವತ್ತು ಮರಿ ಕಳೆದುಕೊಂಡಿದ್ದ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಆಮೇಲೆ ಇನ್ನೊಂದು ಮರಿ ಕೊಟ್ಟಿದ್ದೆವು. ಅವಳ ಕೊಟ್ಟಿಗೆಯಿಂದ ಇದು ಮೂರನೇ ಮರಿ, ‘ಮೇಕ’ ಎಂದ ಆ ಪುಟ್ಟ ಹುಡುಗನ ಮನೆಗೆ ಹೋಗುತ್ತದೆ. ಅವನು ನಿನ್ನೆಯೇ ಹಗ್ಗ ತಂದು ತೋರಿಸಿ ಹೋದ. ಅವನ ಹೊಸ ವಹಿಯ ಮೊದಲ ಪುಟವನ್ನು ಅವಳು ಆಗಲೇ ತುಂಬಿಸಿ ಇಟ್ಟಿದ್ದಾಳೆ. ಹುಟ್ಟಿದ ತಾರೀಕು, ತಾಯಿಯ ಗುರುತು, ಈ ವಾರದ ತೂಕ. ಕೊನೆಯ ಸಾಲಿನಲ್ಲಿ ಎರಡನೇ ಚುಚ್ಚುಮದ್ದಿನ ತಾರೀಕು. ಅದರ ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

ನಮಸ್ಕಾರ.