ಕಾವಲಿನವನು ಹೊರಟು ನಿಂತಾಗ

ಕೇಳುಗರೇ, ನಮಸ್ಕಾರ.

ಕರಾವಳಿಯ ನಮ್ಮ ನೆಂಟರ ಮನೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ, ಹತ್ತು ರೂಪಾಯಿಯ ಒಂದು ನೋಟು. ಭಾರತೀಯ ರಿಸರ್ವ್ ಬ್ಯಾಂಕಿನ ಹೆಸರು ಇತ್ತು, ಅಶೋಕ ಸ್ತಂಭ ಇತ್ತು. ಆದರೆ ಬಣ್ಣ ನಮ್ಮ ನೋಟಿನದಲ್ಲ, ಸಂಖ್ಯೆ ಝಡ್ ಅಕ್ಷರದಿಂದ ಶುರುವಾಗುತ್ತಿತ್ತು. ಹುಡುಗನಾಗಿದ್ದ ನಾನು ಅದನ್ನು ಖೋಟಾ ನೋಟೆಂದೇ ಬಹಳ ಕಾಲ ನಂಬಿದ್ದೆ.

ಅದು ಖೋಟಾ ಅಲ್ಲ, ಗಲ್ಫ್ ರೂಪಾಯಿ. ಕುವೈತ್, ಬಹ್ರೇನ್, ಕತಾರ್, ದುಬೈ, ಮಸ್ಕತ್‌ಗಳ ಪೇಟೆಗಳಲ್ಲಿ ದಶಕಗಳ ಕಾಲ ನಡೆದದ್ದು ನಮ್ಮ ರೂಪಾಯಿಯೇ. ಅಲ್ಲಿಂದ ಕಳ್ಳದಾರಿಯಲ್ಲಿ ಚಿನ್ನ ಇಲ್ಲಿಗೆ ಬರುತ್ತಿತ್ತು, ಇಲ್ಲಿಂದ ರೂಪಾಯಿ ಅಲ್ಲಿಗೆ ಹೋಗುತ್ತಿತ್ತು, ಆ ರೂಪಾಯಿ ತಿರುಗಿ ರಿಸರ್ವ್ ಬ್ಯಾಂಕಿಗೆ ಬಂದು ಪೌಂಡ್ ಕೇಳುತ್ತಿತ್ತು. ಈ ಸೋರಿಕೆಯನ್ನು ತಡೆಯಲು 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚಾಯಿತು. 1966ರ ಜೂನ್ 6ರಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು 7 ರೂಪಾಯಿ 50 ಪೈಸೆಯಾಯಿತು. ಕತಾರ್, ದುಬೈ, ಅಬುಧಾಬಿಗಳು ಆ ವರ್ಷವೇ ರೂಪಾಯಿಯನ್ನು ಕೈಬಿಟ್ಟವು. ಮಸ್ಕತ್‌ನವರು ಮಾತ್ರ ಇನ್ನೂ ನಾಲ್ಕು ವರ್ಷ ಅದನ್ನೇ ಹಿಡಿದುಕೊಂಡಿದ್ದರು.

ನೋಟಿನಿಂದ ಮಾತು ಆರಂಭಿಸಿದ್ದಕ್ಕೆ ಕಾರಣವಿದೆ. ದೊಡ್ಡ ಶಕ್ತಿಯೊಂದು ಒಂದು ಸೀಮೆಯಿಂದ ಕಾಲ್ತೆಗೆಯುವಾಗ ಸೈನಿಕರು ಹೊರಡುವುದು ಕಟ್ಟಕಡೆಗೆ. ಅದಕ್ಕೂ ಮುಂಚೆ ಅದರ ಹಣದ ಬೆಲೆ ಇಳಿದಿರುತ್ತದೆ, ಅದರ ಬೆನ್ನಿಗೇ ಮಾತಿನ ಬೆಲೆಯೂ ಇಳಿದಿರುತ್ತದೆ. ಅಮೆರಿಕ ಜಗತ್ತಿನ ಹಿರಿತನವನ್ನು ಬಿಟ್ಟುಕೊಡುತ್ತಿದೆಯೇ ಎಂಬ ಚರ್ಚೆ ನಡೆದಾಗಲೆಲ್ಲ ಪಂಡಿತರು ಅದರ ಸೇನಾ ನೆಲೆಗಳನ್ನೂ ವಿಮಾನವಾಹಕ ನೌಕೆಗಳನ್ನೂ ಎಣಿಸಲು ಕೂರುತ್ತಾರೆ. ಆ ಎಣಿಕೆಯಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಯಾಕೆಂದು ಹೇಳಲು ನಿಮ್ಮನ್ನು ಅರ್ಧ ಶತಮಾನಕ್ಕೂ ಹಿಂದಿನ ಅರಬ್ ಕೊಲ್ಲಿಗೆ ಕರೆದುಕೊಂಡು ಹೋಗುತ್ತೇನೆ.

ಬ್ರಿಟಿಷರು ಆ ಕೊಲ್ಲಿಗೆ ಬಂದದ್ದು ಲಂಡನ್ನಿನಿಂದ ಅಲ್ಲ, ಮುಂಬಯಿಯಿಂದ. 1819ರ ಕೊನೆಯಲ್ಲಿ ಮುಂಬಯಿಯಿಂದ ಹೊರಟ ದಂಡು ರಾಸ್ ಅಲ್ ಖೈಮಾವನ್ನು ಸುಟ್ಟು, ಮರುವರ್ಷದ ಜನವರಿಯಲ್ಲಿ ಅಲ್ಲಿನ ಶೇಖರಿಂದ ಕರಾರಿಗೆ ಸಹಿ ಹಾಕಿಸಿಕೊಂಡಿತು. ಭಾರತದ ಸಮುದ್ರದಾರಿ ಸುರಕ್ಷಿತವಾಗಿರಬೇಕು, ಅಷ್ಟೇ ಅದರ ಉದ್ದೇಶ. ಮುಂದೆ ಕೊಲ್ಲಿಯ ಬ್ರಿಟಿಷ್ ರೆಸಿಡೆಂಟ್, ಅಂದರೆ ಅಲ್ಲಿ ಬ್ರಿಟನ್ನಿನ ಪರವಾಗಿದ್ದ ಅಧಿಕಾರಿ, ವರದಿ ಒಪ್ಪಿಸುತ್ತಿದ್ದದ್ದೂ ಭಾರತ ಸರ್ಕಾರಕ್ಕೆ. ಶೇಖರು ಬೇರೆ ಯಾವ ರಾಜ್ಯದೊಡನೆಯೂ ವ್ಯವಹಾರ ಇಟ್ಟುಕೊಳ್ಳಬಾರದು, ಅದಕ್ಕೆ ಪ್ರತಿಯಾಗಿ ಹೊರಗಿನವರಿಂದ ರಕ್ಷಣೆ ಬ್ರಿಟನ್ನಿನದು. ಇದು 1892ರ ಹೊತ್ತಿಗೆ ಗಟ್ಟಿಯಾದ ಒಪ್ಪಂದ.

1947ರಲ್ಲಿ ಭಾರತ ಬ್ರಿಟಿಷರ ಕೈತಪ್ಪಿತು. ಹಸು ಮಾರಿದ ಮೇಲೂ ಕೊಟ್ಟಿಗೆ ಕಾಯುವವರ ಹಾಗೆ ಬ್ರಿಟಿಷರು ಇನ್ನೂ ಇಪ್ಪತ್ತನಾಲ್ಕು ವರ್ಷ ಅಲ್ಲಿ ಉಳಿದರು. ಅಷ್ಟರಲ್ಲಿ ಕೊಟ್ಟಿಗೆಯ ನೆಲದಲ್ಲೇ ಎಣ್ಣೆ ಸಿಕ್ಕಿತ್ತು ಎನ್ನುವುದು ಬೇರೆ ಮಾತು. ಕಾವಲು ಬರಿಯ ಹೆಸರಿಗಿರಲಿಲ್ಲ. 1961ರಲ್ಲಿ ಕುವೈತ್ ಸ್ವತಂತ್ರವಾದ ಒಂದೇ ವಾರದಲ್ಲಿ ಇರಾಕಿನ ಪ್ರಧಾನಿ ಕಾಸಿಮ್ ಅದು ತನ್ನದೆಂದಾಗ, ಜುಲೈ 1ಕ್ಕೆ ಬ್ರಿಟಿಷ್ ಪಡೆ ಅಲ್ಲಿ ಇಳಿದಿತ್ತು.

ಈಗ 1967ರ ನವೆಂಬರ್‌ಗೆ ಬನ್ನಿ. ಆ ತಿಂಗಳ 18ರಂದು ಲಂಡನ್ ಪೌಂಡಿನ ಬೆಲೆಯನ್ನು 2.80 ಡಾಲರಿನಿಂದ 2.40ಕ್ಕೆ ಇಳಿಸಿತು. ತಿಂಗಳ ಕೊನೆಯಲ್ಲಿ ಅರೇಬಿಯದ ದಕ್ಷಿಣ ತೀರದಲ್ಲಿ ತನ್ನ ವಶದಲ್ಲಿದ್ದ ಏಡನ್ ಬಂದರನ್ನು ಗುಂಡಿನ ಸದ್ದಿನ ನಡುವೆ ಬಿಟ್ಟು ಹೊರಟಿತು. ಶೇಖರಿಗೆ ದಿಗಿಲಿತ್ತು. ವಿದೇಶಾಂಗ ಖಾತೆಯ ರಾಜ್ಯ ಸಚಿವ ಗೊರೊನ್ವಿ ರಾಬರ್ಟ್ಸ್ ಅದೇ ನವೆಂಬರ್‌ನಲ್ಲಿ ಕೊಲ್ಲಿಗೆ ಬಂದು, ಹೆದರಬೇಡಿ, ನಾವು ಇರುತ್ತೇವೆ ಎಂದು ಭರವಸೆ ಕೊಟ್ಟು ಹೋದರು. ಕಳೆದದ್ದು ಸುಮಾರು ಎರಡು ತಿಂಗಳು. ಜನವರಿಯಲ್ಲಿ ಅದೇ ರಾಬರ್ಟ್ಸ್ ಅದೇ ದೊರೆಗಳ ಎದುರು ಕೂತು, ನಾವು ಹೊರಡುತ್ತೇವೆ ಎಂದರು. ಜನವರಿ 16ರಂದು ಪ್ರಧಾನಿ ಹೆರಾಲ್ಡ್ ವಿಲ್ಸನ್ ಸಂಸತ್ತಿನಲ್ಲಿ ಘೋಷಿಸಿದರು: 1971ರ ಕೊನೆಯೊಳಗೆ ಮಲೇಷ್ಯಾ, ಸಿಂಗಪುರ, ಕೊಲ್ಲಿ ಎಲ್ಲ ಕಡೆಯಿಂದಲೂ ಸೇನೆ ವಾಪಸು. ವಿಯೆಟ್ನಾಮಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ಅಮೆರಿಕಕ್ಕೂ ಇದು ಸಿಡಿಲು. ಅದರ ವಿದೇಶಾಂಗ ಕಾರ್ಯದರ್ಶಿ ಡೀನ್ ರಸ್ಕ್, ದಯವಿಟ್ಟು ಬ್ರಿಟನ್ನಿನ ಹಾಗೆ ನಡೆದುಕೊಳ್ಳಿ ಎಂದು ಅಂಗಲಾಚಿದರು.

ಆ ಎರಡು ಭೇಟಿಗಳ ನಡುವಿನ ಅವಧಿಯಲ್ಲಿ ಕೊಲ್ಲಿಯಿಂದ ಒಂದು ತುಕಡಿಯೂ ಹೊರಟಿರಲಿಲ್ಲ. ಎಣಿಸಲು ಹೋದವರಿಗೆ ಎಲ್ಲವೂ ಇದ್ದಲ್ಲೇ ಇತ್ತು. ಆದರೂ ದೊರೆಗಳ ಪಾಲಿಗೆ ಬ್ರಿಟನ್ ಹೋಗಿಯಾಗಿತ್ತು.

ಮುಂದಿನ ಪ್ರಸಂಗವನ್ನು ಓದುವಾಗ ನನಗೆ ಪ್ರತಿಬಾರಿಯೂ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಅಬುಧಾಬಿಯ ಶೇಖ್ ಜಾಯೆದ್, ಹಣದ ಅಡಚಣೆಯೇ ಆದರೆ ಸೇನೆಯ ಖರ್ಚನ್ನು ನಾವೇ ಕೊಡುತ್ತೇವೆ, ಇರಿ ಎಂದರು. ಕೊಲ್ಲಿಯ ಸೇನೆಗೆ ಆಗುತ್ತಿದ್ದದ್ದು ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಪೌಂಡ್. ಎಣ್ಣೆಯ ದೊರೆಗೆ ಅದೇನು ಹೊರೆಯಲ್ಲ. ಬ್ರಿಟನ್ನಿನ ರಕ್ಷಣಾ ಸಚಿವ ಡೆನಿಸ್ ಹೀಲಿ ಟೆಲಿವಿಷನ್ನಿನಲ್ಲಿ ಕೂತು, ಅರಬ್ ಶೇಖರಿಗೆ ಬಿಳಿಯರನ್ನು ಮಾರುವ ದಲ್ಲಾಳಿಯಾಗಲು ತಮಗೆ ಇಷ್ಟವಿಲ್ಲ ಎಂಬರ್ಥದ ಮಾತಾಡಿಬಿಟ್ಟರು. ಆಮೇಲೆ ಕ್ಷಮೆ ಕೇಳಿದರು. ನೂರೈವತ್ತು ವರ್ಷ ಆ ನೀರಿನಲ್ಲಿ ತಮ್ಮ ಮಾತೇ ನಡೆಯುವಂತೆ ಮಾಡಿಕೊಂಡವರಿಗೆ, ಸಂಬಳ ಪಡೆಯುವ ಕಾವಲುಗಾರರಾಗುವುದು ಅವಮಾನವಾಗಿ ಕಂಡಿತು.

ಹಾಗಾದರೆ ಸಣ್ಣವರು ಕೈಕಟ್ಟಿ ಕೂತರೇ? ಇಲ್ಲ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ರುಚಿಸುವುದು ಇದೇ ಭಾಗ. ಫೆಬ್ರವರಿ 18ಕ್ಕೆ, ಅಂದರೆ ಘೋಷಣೆಯಾಗಿ ಐದೇ ವಾರಕ್ಕೆ, ಅಬುಧಾಬಿಯ ಜಾಯೆದ್ ಮತ್ತು ದುಬೈನ ರಾಶಿದ್ ತಮ್ಮ ಗಡಿಯ ಮರಳುಗಾಡಿನಲ್ಲಿ ಒಂದು ಡೇರೆಯೊಳಗೆ ಕೂತು ಒಂದಾಗಲು ಒಪ್ಪಿದರು. ಇವು ಗಡಿ ತಂಟೆಗಾಗಿ 1940ರ ದಶಕದಲ್ಲಿ ಹೊಡೆದಾಡಿಕೊಂಡಿದ್ದ ಮನೆತನಗಳು. ತಿಂಗಳ ಕೊನೆಗೆ ಒಂಬತ್ತು ದೊರೆಗಳು ದುಬೈನಲ್ಲಿ ಸೇರಿ ಒಕ್ಕೂಟದ ಒಪ್ಪಂದ ಬರೆದರು. ಪ್ರೀತಿ ಉಕ್ಕಿ ಬರೆದದ್ದಲ್ಲ. ಬಹ್ರೇನ್ ಹೊರತುಪಡಿಸಿದರೆ ಅಲ್ಲಿದ್ದದ್ದು ಪುಟ್ಟ ಪುಟ್ಟ ನಾಡುಗಳು. ಈಗಿನ ಸಂಯುಕ್ತ ಅರಬ್ ಎಮಿರೇಟ್ಸ್‌ನ ಏಳೂ ಸೇರಿದರೂ 1968ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 1 ಲಕ್ಷ 80 ಸಾವಿರ ಜನ. ಅಣ್ಣತಮ್ಮಂದಿರ ಜಗಳ ಮುಂದೆಯೂ ನಿಲ್ಲಲಿಲ್ಲ. ರಾಜಧಾನಿ ಎಲ್ಲಿ, ಮತ ಎಷ್ಟು, ಯಾರು ಮೊದಲು ಎಂದು ಮೂರು ವರ್ಷ ಎಳೆದಾಡಿ, ಬಹ್ರೇನ್ ಮತ್ತು ಕತಾರ್ 1971ರಲ್ಲಿ ಬೇರೆ ಮನೆ ಮಾಡಿಕೊಂಡವು.

ದೊಡ್ಡ ನೆರೆಯವನು ಇರಾನಿನ ಷಾ. ಅವನದು ಬೇರೆಯೇ ಲೆಕ್ಕ. ಬಹ್ರೇನ್ ತನ್ನದೆಂದು ಇರಾನ್ ಹಿಂದಿನಿಂದಲೂ ಹೇಳುತ್ತಿತ್ತು. 1969ರ ಜನವರಿಯಲ್ಲಿ ಷಾ ನಮ್ಮ ದೆಹಲಿಗೆ ಬಂದಿದ್ದಾಗ, ಅದನ್ನು ಬಲದಿಂದ ಪಡೆಯುವುದಿಲ್ಲ ಎಂದು ಸಾರಿದ. ಮರುವರ್ಷ ವಿಶ್ವಸಂಸ್ಥೆಯ ಪ್ರತಿನಿಧಿ ಬಹ್ರೇನಿನ ಜನರ ಅಭಿಪ್ರಾಯ ಕೇಳಿ, ಅವರಿಗೆ ಸ್ವಾತಂತ್ರ್ಯವೇ ಬೇಕೆಂದು ವರದಿ ಕೊಟ್ಟಾಗ ಷಾ ಒಪ್ಪಿಕೊಂಡ. ಉದಾರ ಮನಸ್ಸು ಎಂದುಕೊಂಡಿರಾ? ದೊಡ್ಡ ದ್ವೀಪ ಬಿಟ್ಟವನು ಸಣ್ಣವನ್ನು ಹಿಡಿದ. 1971ರ ನವೆಂಬರ್ 30ರಂದು ಇರಾನಿ ಪಡೆಗಳು ಹಾರ್ಮುಜ್ ಜಲಸಂಧಿಯ ಬಾಯಲ್ಲಿರುವ ಅಬು ಮೂಸಾ ಮತ್ತು ಎರಡು ತುಂಬ್ ದ್ವೀಪಗಳಿಗೆ ಇಳಿದವು. ಬ್ರಿಟನ್ ನೋಡುತ್ತ ನಿಂತಿತು. ಡಿಸೆಂಬರ್ 2ರಂದು ಆರು ಎಮಿರೇಟ್‌ಗಳು ಒಕ್ಕೂಟವಾದವು, ರಾಸ್ ಅಲ್ ಖೈಮಾ ಮರುವರ್ಷ ಸೇರಿಕೊಂಡಿತು. ಒಕ್ಕೂಟವಾದ ಮರುದಿನವೇ ಭಾರತ ಪಾಕಿಸ್ತಾನಗಳ ಯುದ್ಧ ಶುರುವಾದದ್ದರಿಂದ ನಮ್ಮ ಪತ್ರಿಕೆಗಳಿಗೆ ಮರಳುಗಾಡಿನ ಹೊಸ ದೇಶವನ್ನು ನೋಡಲು ಪುರುಸೊತ್ತಿರಲಿಲ್ಲ.

ಹೋಗುತ್ತೇನೆಂದವನು ಮನಸ್ಸು ಬದಲಿಸಲಿಲ್ಲವೇ ಎಂದು ನೀವು ಕೇಳಬಹುದು. ಪ್ರಯತ್ನವಾಯಿತು. 1970ರ ಜೂನ್‌ನಲ್ಲಿ ಬ್ರಿಟನ್ನಿನ ಚುನಾವಣೆ ಗೆದ್ದ ಎಡ್ವರ್ಡ್ ಹೀತ್, ವಿಲ್ಸನ್ನರ ತೀರ್ಮಾನವನ್ನು ಖಂಡಿಸುತ್ತ ಬಂದವರು. ಅಧಿಕಾರಕ್ಕೆ ಬಂದು, ಹಿಂದೆ ಕೊಲ್ಲಿಯ ರೆಸಿಡೆಂಟ್ ಆಗಿದ್ದ ಸರ್ ವಿಲಿಯಂ ಲೂಸ್ ಅವರನ್ನು ಕೊಲ್ಲಿಗೆ ಕಳಿಸಿ ವಿಚಾರಿಸಿದರು. ಷಾ ಬೇಡವೆಂದ. ಇತರರೂ ಅಷ್ಟರಲ್ಲಿ ಬೇರೆ ಏರ್ಪಾಟಿಗೆ ಮನಸ್ಸು ಹೊಂದಿಸಿಕೊಂಡಿದ್ದರು. ಒಂದು ಚುನಾವಣೆಯಲ್ಲಿ ಬರುವ ಕಾವಲು ಮುಂದಿನ ಚುನಾವಣೆಯಲ್ಲಿ ಹೋಗುತ್ತದೆ ಎಂದು ಅವರಿಗೆ ಗೊತ್ತಾಗಿತ್ತು. 1971ರ ಮಾರ್ಚ್‌ನಲ್ಲಿ ಹೀತ್ ಸರ್ಕಾರವೂ ವಾಪಸಾತಿಯನ್ನೇ ಖಚಿತಪಡಿಸಿತು.

ಬ್ರಿಟನ್ ಬಿಟ್ಟ ಜಾಗದಲ್ಲಿ ಅಮೆರಿಕ ಬಂದು ಕೂತಿತು ಎಂದು ಈಗ ಸಲೀಸಾಗಿ ಹೇಳುತ್ತಾರೆ. ಅಷ್ಟು ಸಲೀಸಾಗಿ ಆಗಲಿಲ್ಲ. ಬಹ್ರೇನಿನಲ್ಲಿ ಬ್ರಿಟಿಷರು ಬಿಟ್ಟ ಜುಫೈರ್ ನೌಕಾನೆಲೆಯ ಒಂದು ಭಾಗವನ್ನು 1971ರ ಡಿಸೆಂಬರ್‌ನಲ್ಲಿ ಬಾಡಿಗೆಗೆ ಹಿಡಿದದ್ದು ನಿಜ. ಆದರೆ ಅಧ್ಯಕ್ಷ ನಿಕ್ಸನ್ 1969ರಲ್ಲೇ ಗುವಾಮ್ ದ್ವೀಪದಲ್ಲಿ ನಿಂತು, ಏಷ್ಯಾದ ಮಿತ್ರರು ತಮ್ಮ ಹೊರೆಯನ್ನು ತಾವೇ ಹೊರಬೇಕೆಂದಿದ್ದರು. ಹಾಗಾಗಿ ಕಾವಲು ಷಾನಿಗೂ ಸೌದಿಗೂ ಹಂಚಿಹೋಯಿತು. 1979ರಲ್ಲಿ ಷಾ ಪದಚ್ಯುತನಾದ. ಅಮೆರಿಕದ ಐದನೆಯ ನೌಕಾದಳ ಬಹ್ರೇನಿನಲ್ಲಿ ನೆಲೆಯಾದದ್ದು 1995ರಲ್ಲಿ. ನಡುವೆ ಎಂಟು ವರ್ಷದ ಇರಾನ್ ಇರಾಕ್ ಯುದ್ಧವೂ ಕುವೈತಿನ ಆಕ್ರಮಣವೂ ಆಗಿಹೋಗಿದ್ದವು.

ಈಗ ಅದೇ ನೀರಿನಲ್ಲಿ ಹೊಸ ಕಾವಲಿನವನ ಮಾತನ್ನು ಜನ ಉಜ್ಜಿ ನೋಡುತ್ತಿದ್ದಾರೆ. 2019ರ ಸೆಪ್ಟೆಂಬರ್‌ನಲ್ಲಿ ಸೌದಿಯ ಅಬ್ಕೈಕ್ ಎಣ್ಣೆ ಘಟಕದ ಮೇಲೆ ದಾಳಿಯಾಗಿ ಆ ದೇಶದ ಎಣ್ಣೆ ಉತ್ಪಾದನೆಯ ಅರ್ಧದಷ್ಟು ನಿಂತುಹೋದಾಗ, ಇದು ಸೌದಿಯ ಮೇಲಿನ ದಾಳಿ, ನಮ್ಮ ಮೇಲಿನದಲ್ಲ ಎಂದರು ಅಧ್ಯಕ್ಷ ಟ್ರಂಪ್. 2023ರ ಮಾರ್ಚ್‌ನಲ್ಲಿ ಸೌದಿ ಮತ್ತು ಇರಾನ್ ರಾಜಿಯಾದವು, ರಾಜಿ ನಡೆದದ್ದು ಬೀಜಿಂಗ್‌ನಲ್ಲಿ. 2025ರ ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾದ ಮೇಲೆ ಬಾಂಬು ಹಾಕಿತು. ಆ ಸೀಮೆಯಲ್ಲಿ ಅಮೆರಿಕದ ಅತಿ ದೊಡ್ಡ ನೆಲೆಯಿರುವುದು ಅದೇ ಕತಾರ್‌ನಲ್ಲಿ. ಎಂಟು ದಿನಕ್ಕೆ ಸೌದಿ ಅರೇಬಿಯ ಪಾಕಿಸ್ತಾನದೊಡನೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು: ಒಬ್ಬರ ಮೇಲಿನ ಆಕ್ರಮಣ ಇಬ್ಬರ ಮೇಲಿನದೂ ಹೌದು. ಭಟ್ಕಳದಿಂದ ಮಂಗಳೂರಿನವರೆಗೆ ಮನೆಮನೆಯಲ್ಲೂ ಒಬ್ಬರು ಕೊಲ್ಲಿಯಲ್ಲಿ ದುಡಿಯುವಾಗ, ಇದು ನಮಗೆ ದೂರದ ಸುದ್ದಿಯೂ ಅಲ್ಲ. ಇಷ್ಟೆಲ್ಲ ನಡೆಯುವಾಗ ಅಮೆರಿಕದ ಹಡಗುಗಳು ಬಹ್ರೇನಿನ ಧಕ್ಕೆಯಲ್ಲೇ ಇದ್ದವು.

ಅದೇ ಬಹ್ರೇನಿನ ಮೀನಾ ಸಲ್ಮಾನ್ ಬಂದರಿನಲ್ಲಿ 2018ರ ಏಪ್ರಿಲ್‌ನಲ್ಲಿ ಇನ್ನೊಂದು ನೌಕಾನೆಲೆ ತೆರೆಯಿತು. ಹೊರಟುಹೋಗಿ ನಲವತ್ತಾರು ವರ್ಷ ಕಳೆದ ಮೇಲೆ ಬ್ರಿಟನ್ ಮರಳಿ ಬಂದಿತ್ತು. ನೆಲೆಗೆ ಹಳೆಯ ಜುಫೈರ್ ಹೆಸರನ್ನೇ ಇಟ್ಟರು. ಕಟ್ಟುವ ಖರ್ಚಿನ ಬಹುಪಾಲನ್ನು ಕೊಟ್ಟವರು ಬಹ್ರೇನಿನವರು. ಈ ಸಲ ಯಾವ ಸಚಿವರೂ ಬೇಡವೆನ್ನಲಿಲ್ಲ.

ನಮಸ್ಕಾರ.