ಮಾಸ್ಕ್ ಆಮೇಲೆ, ಮೊದಲು ಹೊಗೆ

ಕೇಳುಗರಿಗೆಲ್ಲ ನಮಸ್ಕಾರ. ಚಳಿಗಾಲ ಬಂತೆಂದರೆ ಸಾಕು, ಯಾವ ಮಾಸ್ಕ್ ಒಳ್ಳೇದು ಸಾರ್, ಯಾವ ಪ್ಯೂರಿಫೈಯರ್ ತಗೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ನನ್ನದು ಒಂದೇ ಉತ್ತರ. ಹೊಗೆಯನ್ನು ಹುಟ್ಟುವ ಕಡೆಯೇ ನಿಲ್ಲಿಸಿ.

ಲಂಡನ್ನಿನ ಕತೆ ಕೇಳಿ. 1952ರ ಡಿಸೆಂಬರ್ 5, ಶುಕ್ರವಾರ. ಮೈ ಕೊರೆಯುವ ಚಳಿ. ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು. ಅದೂ ಅಗ್ಗದ ಮಾಲು. ಒಳ್ಳೆಯದು ರಫ್ತಿಗೆ ಹೋಗುತ್ತಿತ್ತು. ಗಾಳಿ ಬೀಸಲೇ ಇಲ್ಲ. ನೆಲದ ಹತ್ತಿರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹೊಗೆ ಎಲ್ಲಿಗೆ ಹೋಗಬೇಕು? ಕಂಡಕ್ಟರ್ ದೀಪ ಹಿಡಿದು ಮುಂದೆ ನಡೆದರೆ, ಬಸ್ಸು ಅವನ ಹಿಂದೆ ತೆವಳುತ್ತಿತ್ತು. ಕೊನೆಗೆ ಬಸ್ಸೂ ನಿಂತವು. ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಗೂ ಹೊಗೆ ನುಗ್ಗಿ, ಸಂಗೀತ ನಾಟಕವನ್ನು ಅರ್ಧಕ್ಕೇ ನಿಲ್ಲಿಸಿದರು. ಪ್ರದರ್ಶನಕ್ಕೆ ತಂದಿದ್ದ ಕೊಬ್ಬಿದ ದನಗಳು ಉಸಿರುಕಟ್ಟಿ ಸತ್ತವು. ಜನ ಮಾತ್ರ, ಲಂಡನ್ನಿನಲ್ಲಿ ಮಂಜು ಹೊಸದೇ ಅಂದುಕೊಂಡು ಸುಮ್ನೆ ಇದ್ದರು. ಶವಪೆಟ್ಟಿಗೆ ಸಾಲದೆ ಬಂದಾಗ ದಿಗಿಲಾಯಿತು. ಐದು ದಿನದ ಆ ಹೊಗೆಗೆ ಸತ್ತವರು 4,000 ಅಂತ ಆಗ ಲೆಕ್ಕ ಹಾಕಿದರು. ಆಮೇಲೆ ಕೂತು ಲೆಕ್ಕ ಮಾಡಿದವರು 12,000 ಅನ್ನುತ್ತಾರೆ.

ಸರ್ಕಾರ ಏನು ಮಾಡಿತು ಗೊತ್ತಾ? ಮರುವರ್ಷ ಮಾಸ್ಕ್ ಕೊಡಲು ಹೊರಟಿತು! 1956ರಲ್ಲಿ ಕಾನೂನು ಬಂತು, ಹೊಗೆ ಕಾರುವ ಕಲ್ಲಿದ್ದಲಿಗೆ ಕಡಿವಾಣ ಬಿತ್ತು. ಗಾಳಿ ತಿಳಿಯಾಗತೊಡಗಿದ್ದು ಆಮೇಲೆ. ಅಂದರೆ, ಹುಟ್ಟುವ ಕಡೆ ನಿಲ್ಲಿಸಿದ ಮೇಲೆ.

ದೆಹಲಿಗೆ ಬನ್ನಿ. ಚಳಿಗಾಲದಲ್ಲಿ ಅಲ್ಲೂ ಅದೇ ಮುಚ್ಚಳ. ಕೆಳಗೆ ವಾಹನ, ಕಾರ್ಖಾನೆ, ಇಟ್ಟಿಗೆ ಗೂಡು, ಪಂಜಾಬ್–ಹರಿಯಾಣದಲ್ಲಿ ಸುಡುವ ಭತ್ತದ ಕೂಳೆ. 2021ರಲ್ಲಿ ಕನಾಟ್ ಪ್ಲೇಸಿನಲ್ಲಿ ಗಾಳಿ ಸೋಸಲು ದೊಡ್ಡ ಗೋಪುರ ಕಟ್ಟಿದರು. ಇಡೀ ಊರಿನ ಬಯಲ ಗಾಳಿಯನ್ನು ಒಂದು ಗೋಪುರ ಸೋಸುತ್ತದಾ? ನೀವೇ ಹೇಳಿ.

ಬೆಂಗಳೂರಿನವರು ನಗಬೇಡಿ. ಬೆಳಗ್ಗೆ ರಸ್ತೆ ಗುಡಿಸಿ, ಒಣಎಲೆ ಜೊತೆಗೆ ಹಾಲಿನ ಕವರನ್ನೂ ಸೇರಿಸಿ ಮೋರಿ ಪಕ್ಕ ಬೆಂಕಿ ಹಚ್ಚುತ್ತಾರೆ. ಅದರ ಪಕ್ಕದಲ್ಲೇ ನಮ್ಮ ವಾಕಿಂಗ್, ಆರೋಗ್ಯಕ್ಕೆ ಅಂತ! ಆ ಹೊಗೆಯ ಕಣ ತಲೆಕೂದಲಿನ ಮೂವತ್ತನೇ ಒಂದು ಪಾಲಿಗಿಂತಲೂ ಸಣ್ಣದಿರುತ್ತದೆ. ಮೂಗಿಗೆ ಅದನ್ನು ತಡೆಯಲು ಆಗುವುದಿಲ್ಲ, ಸೀದಾ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಎಲೆಯನ್ನು ಗೊಬ್ಬರದ ಗುಂಡಿಗೆ ಹಾಕಿಸಿ, ಬೆಂಕಿ ಹಚ್ಚಲು ಬಿಡಬೇಡಿ.

ಡೀಸೆಲ್ ಜನರೇಟರ್ ಬಗ್ಗೆ, ಹಳೇ ಲಾರಿಗಳ ಬಗ್ಗೆ ಹೇಳುವುದು ಬೇಕಾದಷ್ಟಿತ್ತು. ಲಂಡನ್ನಿನಲ್ಲೇ ಹೊತ್ತು ಕಳೆದೆ, ಗಾಜಿನಾಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ನಮಸ್ಕಾರ.