ಎಲ್ಲಾ ನಮ್ದೇ ಆದರೆ ಹಾರ್ನ್ ಎಲ್ಲಿ?

ನಮಸ್ಕಾರ. ಬ್ಯಾಂಕಾಕ್‌ಗೆ ಹೋಗಿ ಬಂದೆ ಅಂದರೆ ಸಾಕು, ನಮ್ಮವರು ಒಂದು ಥರ ನಗುತ್ತಾರೆ. ಆ ನಗು ನಿಮಗೂ ಗೊತ್ತು. ಅದನ್ನು ಪಕ್ಕಕ್ಕಿಡಿ. ಇವತ್ತು ನಾನು ಮಾತಾಡುವುದು ಇನ್ನೊಂದು ಥರದವರ ಬಗ್ಗೆ. ಹೋಗಿ ಬಂದು, "ಅಯ್ಯೋ, ಅಲ್ಲಿ ಎಲ್ಲಾ ನಮ್ದೇ ಕಣ್ರೀ" ಅನ್ನುವವರು. ಅವರಲ್ಲಿ ನಾನೂ ಒಬ್ಬ. ಮೊದಲ ಎರಡು ದಿನವಂತೂ ಹೌದು.

ತಪ್ಪು ಪೂರ್ತಿ ನಂದೇ ಅಲ್ಲ. ವಿಮಾನ ಇಳಿದರೆ ನಿಲ್ದಾಣದ ಹೆಸರೇ ಸುವರ್ಣಭೂಮಿ. ಊರಿನವರು ತಮ್ಮ ಊರನ್ನು ಬ್ಯಾಂಕಾಕ್ ಅನ್ನುವುದಿಲ್ಲ, ಕ್ರುಂಗ್ ಥೇಪ್ ಅನ್ನುತ್ತಾರೆ. ಥೇಪ್ ಅಂದರೆ ದೇವ. ಅದರ ಪೂರ್ತಿ ಹೆಸರು ಹೇಳಲು ಹೊರಟರೆ ಸಹಸ್ರನಾಮ ಓದಿದ ಹಾಗಿರುತ್ತದೆ. ಇಂದ್ರ ಕೊಟ್ಟದ್ದು, ವಿಶ್ವಕರ್ಮ ಕಟ್ಟಿದ್ದು ಅಂತ ಮುಗಿಯುತ್ತದೆ. 1782ರಲ್ಲಿ ಇಲ್ಲಿಗೆ ರಾಜಧಾನಿ ತಂದ ದೊರೆ ಒಂದನೇ ರಾಮ. ಈಗಿರುವವರು ಹತ್ತನೇ ರಾಮ. ಭಾನುವಾರಕ್ಕೆ ಆಥಿತ್, ನಮ್ಮ ಆದಿತ್ಯ. ಭಾಷೆಗೆ ಫಾಸಾ. ವೇಳೆಗೆ ವೇಲಾ. ಫೋನಿಗೆ ಥೋರಸಪ್, ಬಿಡಿಸಿದರೆ ದೂರಶಬ್ದ. ಇಷ್ಟೆಲ್ಲಾ ಕಿವಿಗೆ ಬಿದ್ದ ಮೇಲೆ ಎದೆ ಉಬ್ಬದೇ ಇರುತ್ತದಾ?

ಮೊದಲ ಪೆಟ್ಟು ಕೊಟ್ಟವನು ಹನುಮಂತ.

ಅರಮನೆ ಆವರಣದಲ್ಲಿ ಪಚ್ಚೆ ಬುದ್ಧನ ಗುಡಿಯಿದೆ. ಅದರ ಸುತ್ತಿನ ಪೌಳಿಯ ಗೋಡೆ ತುಂಬ ಅವರ ರಾಮಾಯಣ. ಹೆಸರು ರಾಮಕಿಯೆನ್, ಒಟ್ಟು 178 ಚಿತ್ರಗಳು. ಅಲ್ಲಿ ಹನುಮಂತ ಬಿಳಿ ಬಣ್ಣದವನು, ಮೈಮೇಲೆಲ್ಲಾ ಒಡವೆ. ಸೇತುವೆ ಕಟ್ಟುವಾಗ ಹಾಕಿದ ಕಲ್ಲೆಲ್ಲಾ ಸಮುದ್ರದಲ್ಲಿ ಮಾಯವಾಗುತ್ತಿರುತ್ತದೆ. ಕದಿಯುತ್ತಿರುವವಳು ರಾವಣನ ಮಗಳು, ಅರ್ಧ ಹೆಣ್ಣು ಅರ್ಧ ಮೀನು. ಸುವರ್ಣಮತ್ಸ್ಯ ಅಂತ. ಹಿಡಿಯಲು ನೀರಿಗೆ ಹಾರಿದ ಹನುಮಂತ ಅವಳಿಗೇ ಮನಸೋಲುತ್ತಾನೆ. ಇಬ್ಬರಿಗೂ ಒಬ್ಬ ಮಗ. ಮೈ ಕೋತಿಯದು, ಬಾಲ ಮೀನಿನದು!

ಪ್ರತಿ ಶನಿವಾರ ಆಂಜನೇಯನ ಗುಡಿ ಸುತ್ತಿ ಬೆಳೆದವನು ನಾನು. ಬ್ರಹ್ಮಚಾರಿಗೆ ಸಂಸಾರ ಕಟ್ಟಿದ್ದಾರಲ್ಲ ಅಂತ ನಿಂತಲ್ಲೇ ನಿಂತೆ. ಪಕ್ಕದಲ್ಲಿದ್ದ ನಮ್ಮ ದೇಶದವರೊಬ್ಬರು ಹೆಂಡತಿಗೆ ಹೇಳುತ್ತಿದ್ದರು: ನಮ್ಮ ಕತೆಯನ್ನು ಎಷ್ಟು ಹಾಳು ಮಾಡಿದ್ದಾರೆ ನೋಡು. ಆ ಮಾತು ಕೇಳಿದಾಗ ನನಗೇ ನಾಚಿಕೆಯಾಯಿತು. ಒಂದು ನಿಮಿಷದ ಹಿಂದೆ ನಾನೂ ಅದನ್ನೇ ಅಂದುಕೊಂಡಿದ್ದೆ. ಕಾಪಿ ಹೊಡೆದ ಹುಡುಗನ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರ ಥರ ನಿಂತಿದ್ದೆ. ಅವರು ತಲೆಮಾರುಗಳಿಂದ ಹೇಳಿಕೊಂಡು ಬಂದ ಕತೆ ಇದು. ಅದಕ್ಕೆ ಮಾರ್ಕ್ಸ್ ಹಾಕಲು ನಾನ್ಯಾರು?

ನನ್ನ ತಕರಾರು ಇಷ್ಟೇ. "ನಮ್ದೇ" ಅಂದ ಕೂಡಲೇ ನಾವು ನೋಡುವುದನ್ನು ಬಿಟ್ಟುಬಿಡುತ್ತೇವೆ. ಗುರುತು ಸಿಕ್ಕಿತಲ್ಲ, ಇನ್ನೇನು ನೋಡುವುದು ಅಂತ ಮುಂದೆ ಹೋಗುತ್ತೇವೆ.

ಎರವಾನ್ ಗುಡಿಯಲ್ಲೂ ಹೀಗೇ ಆಯಿತು. ಎರವಾನ್ ಅಂದರೆ ಐರಾವತ. ಸುತ್ತ ಮಾಲ್‌ಗಳು, ತಲೆ ಮೇಲೆ ರೈಲು, ಮೂಲೆಯಲ್ಲಿ ನಾಲ್ಕು ಮುಖದ ಬ್ರಹ್ಮ. ಅಲ್ಲೊಂದು ಹೋಟೆಲ್ ಕಟ್ಟುವಾಗ ಅವಘಡದ ಮೇಲೆ ಅವಘಡ ಆಯಿತಂತೆ, ಅದಕ್ಕೇ 1956ರಲ್ಲಿ ಇದನ್ನು ಸ್ಥಾಪಿಸಿದರು. ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಸಿಗುವುದೇ ಅಪರೂಪ. ಇಲ್ಲಿ ಬೌದ್ಧರು ಆಫೀಸಿಗೆ ಹೋಗುವ ದಾರಿಯಲ್ಲಿ ಚೆಂಡುಹೂವಿನ ಮಾಲೆ ಹಿಡಿದು ನಿಂತಿರುತ್ತಾರೆ. ಬೇಡಿಕೊಂಡದ್ದು ಈಡೇರಿದವರು ದುಡ್ಡು ಕಟ್ಟಿ ಅಲ್ಲೇ ದೇವರ ಮುಂದೆ ನೃತ್ಯ ಮಾಡಿಸುತ್ತಾರೆ. ಇದನ್ನು ನೋಡಿದ್ದೇ ನಮ್ಮ ಕಟೀಲು ಮೇಳದ ಹರಕೆ ಆಟ, ಅಂದರೆ ಹರಕೆ ತೀರಿಸಲು ಆಡಿಸುವ ಯಕ್ಷಗಾನ, ನೆನಪಾಯಿತು. ನೋಡಿ, ಮತ್ತೆ ಶುರು ಮಾಡಿದೆ! ಆದರೆ ಈ ನೆನಪಿನಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ದೇವರಿಗೆ ಆಟ ತೋರಿಸಿ ಸಾಲ ತೀರಿಸುವ ಬುದ್ಧಿ ಅವರಿಗೂ ಬಂದಿದೆ, ನಮಗೂ ಬಂದಿದೆ. ನಮ್ಮಿಂದಲೇ ಹೋಯಿತು ಅಂತ ಯಾಕೆ ಹಟ?

ಇನ್ನು ಹಾರ್ನ್. ಅಸೋಕ್ ಸರ್ಕಲ್‌ನಲ್ಲಿ ಸಂಜೆ ಟ್ಯಾಕ್ಸಿಯಲ್ಲಿ ಸಿಕ್ಕಿಬಿದ್ದೆ. ಸಿಲ್ಕ್ ಬೋರ್ಡ್ ನೋಡಿದವನು ನಾನು, ಟ್ರಾಫಿಕ್‌ಗೆ ಹೆದರುವವನಲ್ಲ. ಹೆದರಿಸಿದ್ದು ಅಲ್ಲಿನ ಮೌನ. ಸಿಗ್ನಲ್ ಬಿಡುತ್ತಲೇ ಇಲ್ಲ. ನೂರಾರು ಗಾಡಿ, ಮಧ್ಯೆ ಕಿತ್ತಳೆ ಜಾಕೆಟ್‌ನ ಬೈಕ್ ಟ್ಯಾಕ್ಸಿಯವರು. ಒಬ್ಬನೂ ಹಾರ್ನ್ ಒತ್ತಲಿಲ್ಲ. ಹಸಿರು ಬಿದ್ದ ಮೇಲೆ ಮುಂದಿನವನು ನಿದ್ದೆಯಲ್ಲಿದ್ದರೂ ಹಿಂದಿನವನು ಕಾಯುತ್ತಾನೆ. ಎಲ್ಲಾ ನಮ್ದೇ ಅನ್ನುವವರು ಇದಕ್ಕೆ ಉತ್ತರ ಕೊಡಿ ಮತ್ತೆ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಕರಾವಳಿಯವನಿಗೆ ಮೀನಿನ ವಾಸನೆ ತೊಂದರೆಯಲ್ಲ. ಸಸ್ಯಾಹಾರಿಗಳು ಹಳದಿ ಬೋರ್ಡಿನ ಕೆಂಪು "ಜೇ" ಅಕ್ಷರ ಹುಡುಕಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ, ಮಠದ ಊಟದ ಹಾಗೆ. ಸಂತೋಷಪಡುವ ಮೊದಲು ಕೇಳಿ, ಅದು ಚೀನಾದವರಿಂದ ಬಂದ ಪದ್ಧತಿ.

ನನಗೆ ಊರು ನಿಜವಾಗಿ ಕಂಡದ್ದು ಮೂರನೇ ದಿನ, ಸೇನ್ ಸೇಪ್ ಕಾಲುವೆಯಲ್ಲಿ. ಮೂರನೇ ರಾಮನ ಕಾಲದಲ್ಲಿ, 1837ರಲ್ಲಿ, ಯುದ್ಧಕ್ಕೆ ಸೈನಿಕರನ್ನು ಸಾಗಿಸಲು ತೋಡಲು ಶುರು ಮಾಡಿದ್ದು. ಈಗ ಅದರಲ್ಲಿ ಆಫೀಸಿಗೆ ಹೋಗುವವರ ದೋಣಿ ಓಡುತ್ತದೆ. ನೀರು ಕಪ್ಪು, ವಾಸನೆ ನಮ್ಮ ರಾಜಕಾಲುವೆಯದೇ. ಆದರೆ ನಮ್ಮ ರಾಜಕಾಲುವೆಯಲ್ಲಿ ಯಾರು ಆಫೀಸಿಗೆ ಹೋಗುತ್ತಾರೆ? ಹಾಗಂತ ಅವರನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. ಅವರೂ ಎಷ್ಟೋ ಕಾಲುವೆ ಮುಚ್ಚಿ ರಸ್ತೆ ಮಾಡಿದ್ದಾರೆ. ಇದು ಉಳಿದಿದೆ, ಅಷ್ಟೇ.

ದೋಣಿ ಕಟ್ಟೆಗೆ ತಾಗಿ ಸರಿಯಾಗಿ ನಿಲ್ಲುವುದೂ ಇಲ್ಲ. ಹೈ ಹೀಲ್ಸ್ ಹಾಕಿದ ಹುಡುಗಿ ಹಗ್ಗ ಹಿಡಿದು ಒಂದೇ ಹೆಜ್ಜೆಗೆ ಒಳಗೆ. ನಾನು ಎರಡು ದೋಣಿ ಬಿಟ್ಟು ಮೂರನೆಯದಕ್ಕೆ ಹತ್ತಿದೆ. ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಹೊರಗಿನ ಅಂಚಿನಲ್ಲೇ ನಡೆದು ಟಿಕೆಟ್ ಕೊಡುತ್ತಾಳೆ. ಹೆಲ್ಮೆಟ್ ಯಾಕೆ ಅಂತ ಮೊದಲ ಸೇತುವೆ ಬಂದಾಗ ಗೊತ್ತಾಯಿತು, ಅಷ್ಟು ತಗ್ಗು. ಎದುರಿಂದ ಇನ್ನೊಂದು ದೋಣಿ ಬಂತು. ಪಕ್ಕದ ಹೆಂಗಸು ನನ್ನ ಕಡೆ ಕೈ ಮಾಡಿ ಏನೋ ಹೇಳಿದರು. ನಾನು ನಗುತ್ತಾ ಕೈ ಮುಗಿದೆ. ಅವರು ಹೇಳಿದ್ದು ಹಗ್ಗ ಎಳಿ ಅಂತ. ಆ ಹಗ್ಗ ಎಳೆದರೆ ಟಾರ್ಪಾಲ್ ಮೇಲೇಳುತ್ತದೆ, ನೀರು ಒಳಗೆ ಬರುವುದಿಲ್ಲ. ಎಳೆಯಲಿಲ್ಲ. ಮುಖದ ತುಂಬ ಕಾಲುವೆ! ಇಡೀ ಸಾಲು ಒದ್ದೆ, ಒಬ್ಬರೂ ಬೈಯಲಿಲ್ಲ. ಆ ಹೆಂಗಸು ಟಿಶ್ಯೂ ಕೊಟ್ಟು, ಹಗ್ಗವನ್ನು ತಂದು ನನ್ನ ಕೈಗೆ ಹಿಡಿಸಿದರು. ಇಳಿಯುವವರೆಗೂ ಎದುರಿಂದ ದೋಣಿ ಬಂದಾಗಲೆಲ್ಲಾ ಆ ಸಾಲಿಗೆ ಹಗ್ಗ ಎಳೆಯುವ ಡ್ಯೂಟಿ ನಂದೇ.

ವಾಪಸ್ ಬರುವ ದಿನ ಟ್ಯಾಕ್ಸಿ ಹತ್ತಿ, ಮಹಾಪ್ರಾಣ ಒತ್ತಿ ಹೇಳಿದೆ: ಸುವರ್ಣಭೂಮಿ. ಡ್ರೈವರ್‌ಗೆ ತಲೆಬುಡ ತಿಳಿಯಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಕೊನೆಗೆ ಫೋನಿನಲ್ಲಿ ವಿಮಾನದ ಚಿತ್ರ ತೋರಿಸಿದೆ. "ಓ, ಸುವನ್ನಪೂಮ್!" ಅಂದ. ಆಮೇಲೆ ಹಿಂದೆ ತಿರುಗಿ, ಮಗುವಿಗೆ ಹೇಳಿಕೊಡುವ ಹಾಗೆ ನಿಧಾನವಾಗಿ ಮತ್ತೆ ಹೇಳಿದ. ನಾನು ಹೇಳಿದೆ. ತಲೆ ಅಲ್ಲಾಡಿಸಿದ. ಮತ್ತೆ ಹೇಳಿದೆ. ಮೂರನೇ ಸಲಕ್ಕೆ ಒಪ್ಪಿಕೊಂಡು ಮೀಟರ್ ಹಾಕಿದ.